ನೋವಿನ ಔಷಧಿ ತಾಲೂಕಿಗೆ ಬರಲಿ, ತಿಳಿವಳಿಕೆಯೂ ಜೊತೆಗೆ ಬರಲಿ

ಸನ್ಮಾನ್ಯ ಆರೋಗ್ಯ ಸಚಿವರಿಗೆ,

ನಾನು ಮೂಡಲಗಿ ತಾಲೂಕಿನ ರೈತ ಮನೆತನದವನು.

ನಮ್ಮ ಕಾಕಾ ಅವರಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಕೊನೆಗೆ ಮಾರ್ಫಿನ್ ಗುಳಿಗೆ ನುಂಗುವುದೂ ಆಗದಾದಾಗ ಬೆಳಗಾವಿಯ ವೈದ್ಯರು ಫೆಂಟನಿಲ್ ಪಟ್ಟಿ ಬರೆದುಕೊಟ್ಟರು. ಎದೆಗೆ ಅಂಟಿಸಿದರೆ ಮೂರು ದಿನ ಚರ್ಮದ ಮೂಲಕ ಔಷಧಿ ಇಳಿಯುತ್ತದೆ. ಮರುದಿನ ರಾತ್ರಿ ಕಾಕಾ ನರಳದೆ ಮಲಗಿದರು. ಎಷ್ಟೋ ದಿನಗಳ ಮೇಲೆ ಮನೆಯವರೆಲ್ಲ ನಿದ್ದೆ ಮಾಡಿದೆವು.

ಒಂದು ಸಂಜೆ, ಚಳಿ ಎಂದು ಅವ್ವ ಅದೇ ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಟ್ಟಳು. ಶಾಖ ತಗುಲಿದರೆ ಔಷಧಿ ಹೆಚ್ಚು ಇಳಿಯುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕರೆದರೆ ಕಾಕಾ ಓಗೊಡಲಿಲ್ಲ. ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು, ಉಸಿರು ಎಣಿಸುವಷ್ಟು ನಿಧಾನವಾಗಿತ್ತು. ಪಟ್ಟಿ ಕಿತ್ತು ಆಸ್ಪತ್ರೆಗೆ ಓಡಿದೆವು. ಇಂಥ ಔಷಧಿಯ ಪರಿಣಾಮ ಇಳಿಸುವ ನಲೋಕ್ಸೋನ್ ಚುಚ್ಚಿದ ಮೇಲೆ ಜೀವ ಮರಳಿತು.

ಫೆಂಟನಿಲ್ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಪ್ರಬಲ. ಅದನ್ನು ಅಳೆಯುವುದೇ ಮೈಕ್ರೋಗ್ರಾಂ ಲೆಕ್ಕದಲ್ಲಿ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಿತ್ಯ ಬಳಕೆಯ ಈ ಔಷಧಿ ಕಳ್ಳದಾರಿ ಹಿಡಿದ ಅಮೆರಿಕದಲ್ಲಿ, 2022ರ ಒಂದೇ ವರ್ಷ ಇಂಥ ಕೃತಕ ಔಷಧಿಗಳಿಂದ 70 ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಾಗೆಂದು ಹೆದರಿ ಬಾಗಿಲು ಹಾಕಿದರೆ ಸಾಯುವವರು ಚೀರುತ್ತಲೇ ಸಾಯಬೇಕಾಗುತ್ತದೆ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ದೇಶದಲ್ಲಿ ಆದದ್ದು ಅದೇ. 2014ರ ತಿದ್ದುಪಡಿ ಆ ಬಿಗಿ ಸಡಿಲಿಸಿತು. ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಿಗಳನ್ನು ಅತ್ಯಗತ್ಯವೆಂದು ಗುರುತಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಪರವಾನಗಿಯ ದಾರಿ ಸುಲಭ ಮಾಡಲಾಯಿತು. ಆದರೂ ನಮಗೆ ಔಷಧಿಗಾಗಿ ಬೆಳಗಾವಿ ಬಸ್ ಹತ್ತುವುದು ತಪ್ಪಲಿಲ್ಲ.

ಸಚಿವರೇ, ಗೋಕಾಕ, ಮೂಡಲಗಿ, ಹುಕ್ಕೇರಿಯ ಸರ್ಕಾರಿ ಆಸ್ಪತ್ರೆಗಳು ಆ ಮಾನ್ಯತೆ ಹೊಂದಿರುವಂತೆ ನೋಡಿಕೊಳ್ಳಿ. ಅಲ್ಲಿ ನೋವು ಶಮನದಲ್ಲಿ ತರಬೇತಿ ಪಡೆದ ಒಬ್ಬ ವೈದ್ಯರಾದರೂ ಇರಲಿ. ಮಾರ್ಫಿನ್ ಗುಳಿಗೆ ತಪ್ಪದೆ ಸಿಗಲಿ, ತುರ್ತು ವಿಭಾಗದಲ್ಲಿ ನಲೋಕ್ಸೋನ್ ಇರಲಿ. ಪಟ್ಟಿ ಕೊಡುವಾಗ ಒಂದು ಕನ್ನಡ ಚೀಟಿಯನ್ನೂ ಕೊಡಿಸಿ: ಶಾಖ ಕೊಡಬೇಡಿ, ಕತ್ತರಿಸಬೇಡಿ, ಇನ್ನೊಬ್ಬರಿಗೆ ಅಂಟಿಸಬೇಡಿ, ಬಳಸಿದ ಪಟ್ಟಿಯನ್ನು ಅಂಟು ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಮಾಡಿ. ಕೊಟ್ಟದ್ದಕ್ಕೂ ಉಳಿದದ್ದಕ್ಕೂ ಪಕ್ಕಾ ಲೆಕ್ಕ ಇಡಿಸಿ.

ಆ ಸಂಜೆಯ ನಂತರ ಕಾಕಾ ಹನ್ನೊಂದು ದಿನ ಬದುಕಿದರು. ಮೊಮ್ಮಕ್ಕಳನ್ನು ಹೆಸರು ಹಿಡಿದು ಕರೆದರು. ಸಾಯುವವರಿಗೆ ಇಷ್ಟು ನೆಮ್ಮದಿ ತಮ್ಮ ಊರಿನಲ್ಲೇ ಸಿಗುವಂತೆ ಮಾಡಿ.

ಇತಿ ತಮ್ಮ ವಿಶ್ವಾಸಿ,
ಮೂಡಲಗಿ ತಾಲೂಕಿನ ಒಬ್ಬ ರೈತ