ಇಸ್ಪೀಟ್ ಜಾದೂ: ನೋಡುವ ವಿಡಿಯೊ ಬೇರೆ, ಕಲಿಯುವ ವಿಡಿಯೊ ಬೇರೆ

ಮೊನ್ನೆ ಅರಳಿಕಟ್ಟೆ ಮೇಲೆ ಪಿಯುಸಿ ಓದುವ ಹುಡುಗನೊಬ್ಬ ಇಸ್ಪೀಟ್ ಕಟ್ಟು ಹಿಡಿದು ಕೂತಿದ್ದ. ನಮ್ಮಿಂದ ಒಂದು ಎಲೆ ತೆಗೆಸಿ, ಕಲಸಿ, ಹುಡುಕಿದ. ಸಿಕ್ಕಲಿಲ್ಲ. "ಅಣ್ಣಾ, ಆರು ತಿಂಗಳಿಂದ ದಿನಾ ವಿಡಿಯೊ ನೋಡ್ತಿದೀನಿ, ಒಂದೂ ಕೈಗೆ ಹತ್ತುತ್ತಿಲ್ಲ" ಅಂದ. ಫೋನ್ ಇಸಿದುಕೊಂಡು ನೋಡಿದೆವು. ಎಲ್ಲವೂ ಅರ್ಧ ನಿಮಿಷದ ರೀಲ್ಸ್.

ನಾವು ಹೇಳುವುದಿಷ್ಟೇ: ಬೆರಗಾಗಿಸುವ ವಿಡಿಯೊ ನೋಡಲಿಕ್ಕೆ, ಬೇಸರ ತರಿಸುವ ವಿಡಿಯೊ ಕಲಿಯಲಿಕ್ಕೆ.

ಡಿಪ್ಲೊಮಾ ಓದುವಾಗ ನಮಗೂ ಈ ಹುಚ್ಚಿತ್ತು. 300 ರೂಪಾಯಿ ಕೊಟ್ಟು ಒಂದು ಸಿಡಿ ತರಿಸಿದ್ದೆವು. ಅದರಲ್ಲಿದ್ದ 'ರಹಸ್ಯ' ಏನು ಗೊತ್ತಾ? ಒಂದು ಬಿಟ್ಟು ಒಂದು ಎಲೆ ಒಂದೇ ಆಗಿರುವ ವಿಶೇಷ ಕಟ್ಟು ಕೊಳ್ಳಿ ಎಂಬ ಮಾತು. ಕೈಗೆ ಕೆಲಸವೇ ಇರಲಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಮೊದಲು, ಪಾಠ ಎಲ್ಲಿಂದ ಶುರುವಾಗುತ್ತದೆ ನೋಡಿ. ಹ್ಯೂಗಾರ್ಡ್ ಮತ್ತು ಬ್ರೌ ಬರೆದ 'ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್' ಎಂಬ ಹೆಸರಾಂತ ಪುಸ್ತಕದ ಮೊದಲ ಅಧ್ಯಾಯ ಬರೀ ಎಲೆ ಕಲಸುವುದರ ಬಗ್ಗೆ. ಒಳ್ಳೆಯ ವಿಡಿಯೊ ಕೂಡ ಕಟ್ಟು ಹಿಡಿಯುವುದು, ಕಲಸುವುದು, ಇವೇ ಮೊದಲು ಹೇಳುತ್ತದೆ.

ಎರಡನೆಯದು ಕ್ಯಾಮೆರಾ. ಕಲಿಸುವವರ ಹೆಗಲ ಮೇಲಿಂದ ತೆಗೆದಿದ್ದರೆ ಅವರ ಕೈ ನಿಮ್ಮ ಕೈಯಂತೆಯೇ ಕಾಣುತ್ತದೆ. ಎದುರಿನಿಂದ ತೆಗೆದಿದ್ದರೆ ಎಡ ಬಲ ಅದಲುಬದಲಾಗಿ ಗೊಂದಲವಾಗುತ್ತದೆ. ಕೈಚಳಕ ನಡೆಯುವ ಗಳಿಗೆಯಲ್ಲೇ ದೃಶ್ಯ ಕತ್ತರಿಸಿದ್ದರೆ ಅದನ್ನು ಬಿಟ್ಟುಬಿಡಿ. ನೋಡುವವರು ಯಾವ ಕಡೆ ಕೂತರೆ ಗುಟ್ಟು ಕಾಣುತ್ತದೆ ಎಂದು ಹೇಳುವವರು ನಿಜವಾಗಿ ಜನರ ಮುಂದೆ ಮಾಡಿದವರು, ಅವರನ್ನು ನಂಬಬಹುದು. ಯೂಟ್ಯೂಬಿನಲ್ಲಿ ವೇಗವನ್ನು ಅರ್ಧಕ್ಕಿಳಿಸಿ ನೋಡಿ. ಒಂದು ವಿಡಿಯೊ ಕೈಗೆ ಹತ್ತುವವರೆಗೂ ಇನ್ನೊಂದು ಬೇಡ.

ಶುರುವಿಗೆ ಇದು ಸಾಕು. ಕಟ್ಟಿನ ತಳದ ಎಲೆಯನ್ನು ಗುಟ್ಟಾಗಿ ನೋಡಿಕೊಳ್ಳಿ. ಎದುರಿನವರು ಆರಿಸಿದ ಎಲೆಯನ್ನು ಕಟ್ಟಿನ ಮೇಲಿಡಿಸಿ. ಈಗ ಕಟ್ಟನ್ನು ಎರಡು ಭಾಗ ಮಾಡಿ, ಕೆಳಗಿನ ಭಾಗವನ್ನು ಮೇಲಕ್ಕೆ ತನ್ನಿ. ನೀವು ನೋಡಿದ ಎಲೆ ಅವರ ಎಲೆಯ ಮೇಲೆಯೇ ಕೂತಿರುತ್ತದೆ. ಮೇಲಿಂದ ಒಂದೊಂದೇ ತೆರೆಯುತ್ತ ಹೋಗಿ. ನಿಮ್ಮ ಎಲೆ ಬಂದ ಮೇಲೆ ಬರುವುದೇ ಅವರದ್ದು.

ಇಷ್ಟು ಓದಿದ ಅಪ್ಪ ಅಮ್ಮಂದಿರು "ಮಕ್ಕಳ ಕೈಗೆ ಇಸ್ಪೀಟ್ ಕೊಡಿಸ್ತೀರಾ?" ಎಂದು ಬೈಯಬಹುದು. ಆ ಭಯ ಸುಳ್ಳಲ್ಲ. ಅಂದರ್ ಬಾಹರ್ ಅಡ್ಡೆಗಳ ಮೇಲಿನ ದಾಳಿಯ ಸುದ್ದಿಯನ್ನು ನಾವೇ ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಹೊಲ ಅಡವಿಟ್ಟವರನ್ನೂ ಕಂಡಿದ್ದೇವೆ.

ಜಾದೂಗೂ ಮೋಸಕ್ಕೂ ಬೇಕಾದ ಕೈಚಳಕ ಒಂದೇ ಎಂಬುದೂ ನಿಜ. ಎಸ್.ಡಬ್ಲ್ಯೂ. ಅರ್ಡ್‌ನೇಸ್ ಎಂಬ ಹೆಸರಿನಲ್ಲಿ 1902ರಲ್ಲಿ ಷಿಕಾಗೋದಲ್ಲಿ ಬಂದ 'ದಿ ಎಕ್ಸ್‌ಪರ್ಟ್ ಅಟ್ ದ ಕಾರ್ಡ್ ಟೇಬಲ್' ಪುಸ್ತಕದಲ್ಲಿ ಜೂಜಿನ ಮೋಸ ಮೊದಲು, ಜಾದೂ ಆಮೇಲೆ. ತಳದಿಂದ ಎಲೆ ಹಾಕುವುದನ್ನು ಅದು ಬಿಡಿಸಿ ಹೇಳುತ್ತದೆ. ಇವತ್ತಿಗೂ ಜಾದೂಗಾರರು ಅದನ್ನು ಓದುತ್ತಾರೆ.

ಆದ್ದರಿಂದಲೇ ಕಲಿಯಬೇಕು ಎನ್ನುತ್ತೇವೆ. ಕಲಸಿದಂತೆ ಮಾಡಿ ಎಲೆಯನ್ನು ಇದ್ದಲ್ಲೇ ಉಳಿಸುವುದು ತನ್ನ ಕೈಗೇ ಬರುತ್ತದೆ ಎಂದು ಗೊತ್ತಾದವನು, ಇನ್ನೊಬ್ಬ ಕಲಸಿದ ಕಟ್ಟಿನ ಮೇಲೆ ದುಡ್ಡು ಇಡಲಾರ. "ಇದನ್ನು ಕಲಿತು ಹಣ ಗೆಲ್ಲಿ" ಎನ್ನುವ ವಿಡಿಯೊ ಕಂಡರೆ ಮಾತ್ರ ಅಲ್ಲೇ ಮುಚ್ಚಿ.

ಆ ಹುಡುಗನಿಗೂ ಒಂದೇ ಮಾತು ಹೇಳಿ ಬಂದೆವು. ಕದ್ದು ಕಲೀಬೇಡ. ಮೊದಲ ಆಟ ಬಂದ ದಿನ ಮನೆಯಲ್ಲಿ ಅಪ್ಪನ ಕೈಯಿಂದಲೇ ಎಲೆ ತೆಗೆಸು.