ಮೀನಿನ ತೊಟ್ಟಿ ಬಿಸಿಯಾದ ರಾತ್ರಿ

ಕಳೆದ ಚಳಿಗಾಲದ ಒಂದು ಮುಂಜಾನೆ. ಫಜ್ರ್ ನಮಾಝಿಗೆಂದು ಎದ್ದು ವುಝೂ ಮಾಡಿ ಹಜಾರಕ್ಕೆ ಬಂದಾಗ ಮೀನಿನ ತೊಟ್ಟಿಯ ಗಾಜಿನ ಮೇಲೆ ಹಬೆ ಕಟ್ಟಿತ್ತು. ನಮ್ಮ ಚಿಕ್ಕಮಗಳೂರಿನ ಚಳಿಗೆ ಕಿಟಕಿಯ ಗಾಜು ಹೀಗಾಗುವುದುಂಟು. ಆದರೆ ತೊಟ್ಟಿಯ ಗಾಜೇಕೆ ಹೀಗಾಗಿದೆ ಎಂದು ಮುಟ್ಟಿ ನೋಡಿದೆ. ಎಳೆಮಗುವನ್ನು ಮೀಯಿಸುವ ನೀರಿನಷ್ಟು ಬೆಚ್ಚಗಿತ್ತು. ದೀಪ ಹಾಕಿದರೆ ಮೀನುಗಳೆಲ್ಲ ನೀರಿನ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ತಾಪಮಾಪಕದಲ್ಲಿ 34 ಡಿಗ್ರಿ. ಇರಬೇಕಾದದ್ದು 26.

ಆ ತೊಟ್ಟಿ ನನ್ನ ಕಿರಿಯ ಮಗನದ್ದು. ಅವನ ಉಪ್ಪ ದಮ್ಮಾಮ್‌ನಿಂದ ರಜೆಗೆ ಬಂದಾಗ ತೆಗೆಸಿಕೊಟ್ಟದ್ದು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಸುಮಾರು 50 ಲೀಟರ್ ನೀರು. ಒಳಗೆ ಗಪ್ಪಿ, ಮೋಲಿ, ನಿಯಾನ್ ಟೆಟ್ರಾ ಮತ್ತು ಎರಡು ಏಂಜಲ್, ಒಟ್ಟು ಹದಿನಾಲ್ಕು ಮೀನುಗಳು. ರಜೆ ಮುಗಿಸಿ ಹೊರಡುವಾಗ ಅವರು ಮಗನ ತಲೆ ಸವರಿ, "ನಾನು ಬರುವವರೆಗೆ ಇವುಗಳ ಜವಾಬ್ದಾರಿ ನಿನ್ನದು" ಎಂದಿದ್ದರು. ಹತ್ತು ವರ್ಷದ ಹುಡುಗನಿಗೆ ಆ ಮಾತು ದೊಡ್ಡದಾಗಿತ್ತು.

ನಾನು ಗಾಬರಿಯಲ್ಲಿ ಹೀಟರಿನ ಪ್ಲಗ್ ಕಿತ್ತೆ. ಅಷ್ಟು ಮಾಡಿ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಬಿಸಿ ನೀರನ್ನು ತಣಿಸಬೇಕೆಂದು ಅರ್ಧ ತೊಟ್ಟಿ ನೀರು ತೆಗೆದು ನಲ್ಲಿಯ ತಣ್ಣೀರು ಸುರಿದೆ. ಕೆಲವೇ ನಿಮಿಷಗಳಲ್ಲಿ ಉಷ್ಣತೆ ಹತ್ತು ಡಿಗ್ರಿಯಷ್ಟು ಇಳಿಯಿತು. ಮಗ ಎದ್ದು ಬರುವಷ್ಟರಲ್ಲಿ ಆರು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅವನು ಅಳಲಿಲ್ಲ. ಮೆಲ್ಲನೆ ಹೇಳಿದ: "ಉಮ್ಮಾ, ನಿನ್ನೆ ಸಂಜೆಯೇ ಹೇಳಿದ್ದೆನಲ್ಲ, ಹೀಟರಿನ ಕೆಂಪು ದೀಪ ಆರುವುದೇ ಇಲ್ಲವೆಂದು."

ಹೌದು, ಹೇಳಿದ್ದ. ನಾನು ಶಾಲೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ತಲೆ ಎತ್ತದೆಯೇ "ಆಮೇಲೆ ನೋಡೋಣ" ಎಂದಿದ್ದೆ. ನಂತರ ಮರೆತುಬಿಟ್ಟೆ.

ಬೆಳಿಗ್ಗೆ ಬಂದ ಪಕ್ಕದ ಮನೆಯವರು "ಮೀನು ತಾನೇ ಟೀಚರ್, ನಾಳೆ ಬೇರೆ ತಂದರಾಯಿತು" ಎಂದು ಸಮಾಧಾನ ಹೇಳಿದರು. ಅವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಮಗನ ಮುಖ ನೋಡಿದಾಗ, ಈ ವಿಷಯ ಅಷ್ಟು ಸುಲಭವಾಗಿ ಮುಗಿಯುವಂಥದ್ದಲ್ಲ ಎಂದು ನನಗನ್ನಿಸಿತು. ಅದೇ ದಿನ ಸಂಜೆ ಅವನನ್ನು ಕರೆದುಕೊಂಡು ಮೀನಿನ ಅಂಗಡಿಗೆ ಹೋದೆ. ಹೊಸ ಮೀನು ತರಲಿಕ್ಕಲ್ಲ, ಏನಾಯಿತೆಂದು ತಿಳಿದುಕೊಳ್ಳಲಿಕ್ಕೆ. ಅಲ್ಲಿ ಕಲಿತದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸಹೋದರಿಯರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ಇಂದು ಅನೇಕ ಮನೆಗಳಲ್ಲಿ ಮಕ್ಕಳ ಒತ್ತಾಯಕ್ಕೆ ಮೀನಿನ ತೊಟ್ಟಿ ಬಂದಿದೆ. ಅದರ ನಿರ್ವಹಣೆ ಕೊನೆಗೆ ಬರುವುದು ತಾಯಂದಿರ ತಲೆಗೇ.

ಮೀನು ಶೀತರಕ್ತ ಪ್ರಾಣಿ. ನೀರು ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ನಮ್ಮಂತೆ ಸ್ವೆಟರ್ ಹಾಕಿಕೊಳ್ಳಲೂ ಆಗದು, ನೆರಳಿಗೆ ಓಡಲೂ ಆಗದು. ಗಪ್ಪಿ, ಏಂಜಲ್, ಟೆಟ್ರಾಗಳು ದಕ್ಷಿಣ ಅಮೆರಿಕದ ಬಿಸಿ ನಾಡಿನ ನೀರಿನವು. ಅವುಗಳಿಗೆ 24ರಿಂದ 28 ಡಿಗ್ರಿ ಹಿತ. ನೀರು ಬಿಸಿಯಾದಂತೆ ಎರಡು ಕಷ್ಟಗಳು ಒಟ್ಟಿಗೇ ಬರುತ್ತವೆ. ಮೀನಿನ ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕವೋ ಕಡಿಮೆಯಾಗುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಡಿಯುವುದು ಹಸಿವಿನಿಂದಲ್ಲ, ಉಸಿರುಗಟ್ಟಿ.

ಹೀಟರ್ ಏಕೆ ಕೆಡುತ್ತದೆ? ನಮ್ಮ ಇಸ್ತ್ರಿ ಪೆಟ್ಟಿಗೆಯಲ್ಲಿರುವಂತೆಯೇ ಅನೇಕ ಸಾಮಾನ್ಯ ಹೀಟರುಗಳಲ್ಲೂ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತದೆ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗಿ, ಪಟ್ಟಿ ಬಾಗಿ ವಿದ್ಯುತ್ ಕಡಿಯುತ್ತದೆ. ತಣಿದಾಗ ಮತ್ತೆ ಕೂಡುತ್ತದೆ. ಪ್ರತಿ ಸಲವೂ ಅಲ್ಲಿ ಸಣ್ಣ ಕಿಡಿ ಹಾರುತ್ತದೆ. ಹಾಗೆ ಸುಟ್ಟು ಸುಟ್ಟು ಒಂದು ದಿನ ಅವೆರಡೂ ಅಂಟಿಕೊಂಡರೆ ಹೀಟರ್ ಆರುವುದೇ ಇಲ್ಲ. ನಮ್ಮಲ್ಲಾದದ್ದು ಇದೇ. ಜೊತೆಗೆ ಇನ್ನೊಂದು ತಪ್ಪೂ ಇತ್ತು. ಲೀಟರಿಗೆ ಸುಮಾರು ಒಂದು ವ್ಯಾಟ್‌ನಂತೆ ನಮ್ಮ ತೊಟ್ಟಿಗೆ 50 ವ್ಯಾಟ್, ಚಳಿಯ ಊರೆಂದು ಸ್ವಲ್ಪ ಹೆಚ್ಚಾದರೂ 75 ವ್ಯಾಟ್ ಸಾಕಿತ್ತು. ದೊಡ್ಡದೇ ಇರಲಿ ಎಂದು ನಾವು ಹಾಕಿಸಿದ್ದು 150 ವ್ಯಾಟಿನದು. ಅಂಥದ್ದು ಆರದೆ ಉರಿದರೆ ಆರಂಭದಲ್ಲಿ ಗಂಟೆಗೆ ಎರಡು ಡಿಗ್ರಿಯಂತೆ ನೀರು ಕಾಯುತ್ತದೆ. ಚಿಕ್ಕದಾಗಿದ್ದರೆ ಬೆಳಗಾಗುವವರೆಗೆ ಮೀನುಗಳು ತಡೆದುಕೊಳ್ಳುತ್ತಿದ್ದವೇನೋ.

ನೀರು ಮಿತಿಮೀರಿ ಬಿಸಿಯಾದರೆ ಮಾಡಬೇಕಾದದ್ದು ಹೀಗೆ. ನೀರಿಗೆ ಕೈ ಹಾಕುವ ಮೊದಲು ಗೋಡೆಯ ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪ್ಲಗ್ ತೆಗೆಯಿರಿ. ಒಡೆದ ಹೀಟರಿನಿಂದ ನೀರಿಗೆ ವಿದ್ಯುತ್ ಹರಿಯಬಹುದು. ಮೀನಿಗಿಂತ ಮೊದಲು ಮನೆಯ ಮಕ್ಕಳ ಜೀವ. ಹೀಟರನ್ನು ಕೂಡಲೇ ಮೇಲೆತ್ತಬೇಡಿ. ಬಿಸಿ ಗಾಜು ಗಾಳಿಗೆ ಬಂದರೆ ಸಿಡಿಯಬಹುದು. ಕಾಲು ಗಂಟೆ, ಇಪ್ಪತ್ತು ನಿಮಿಷ ನೀರಿನಲ್ಲೇ ತಣಿಯಲಿ. ನಂತರ ಮುಚ್ಚಳ ತೆರೆದು ಗಾಳಿಯ ಪಂಪನ್ನು ಜೋರಾಗಿ ಬಿಡಿ. ಪಂಪಿಲ್ಲದಿದ್ದರೆ ಲೋಟದಲ್ಲಿ ತೊಟ್ಟಿಯ ನೀರನ್ನೇ ತೆಗೆದು ಮೇಲಿನಿಂದ ಮತ್ತೆ ಮತ್ತೆ ಸುರಿಯಿರಿ. ಸುರಿಯುವ ನೀರಿನೊಂದಿಗೆ ಗಾಳಿ ಬೆರೆಯುತ್ತದೆ. ನೀರಿನ ಮೇಲ್ಮೈಗೆ ಬೀಸುವಂತೆ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಫ್ರಿಜ್ಜಿನ ತಣ್ಣೀರನ್ನು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ತೇಲಿಬಿಡಬಹುದು. ನಲ್ಲಿ ನೀರಿನ ಐಸ್ ತುಂಡುಗಳನ್ನು ನೇರವಾಗಿ ಹಾಕಬೇಡಿ. ಅದರಲ್ಲಿ ಕ್ಲೋರಿನ್ ಇರಬಹುದು, ಒಂದೇ ಕಡೆ ನೀರು ಕೊರೆಯುವುದೂ ಉಂಟು. ಗಂಟೆಗೆ ಒಂದೆರಡು ಡಿಗ್ರಿಗಿಂತ ವೇಗವಾಗಿ ಇಳಿಸಬಾರದು. ನಾನು ಅವಸರದಲ್ಲಿ ಮಾಡಿದ ಉಪಕಾರವೇ ಮೀನುಗಳಿಗೆ ಎರಡನೆಯ ಪೆಟ್ಟಾಯಿತು.

ಹೀಟರ್ ನಿಂತೇ ಹೋಗಿ ನೀರು ತಣ್ಣಗಾದರೂ ನಿಯಮ ಅದೇ, ನಿಧಾನವಾಗಿ. ಚಳಿಗೆ ಮೀನುಗಳು ಮೂಲೆ ಸೇರಿ ಅಲುಗಾಡದೆ ನಿಲ್ಲುತ್ತವೆ. ಬಿಸಿನೀರು ಸುರಿಯಬೇಡಿ. ಮುಚ್ಚಿದ ಬಾಟಲಿಯಲ್ಲಿ ಬಿಸಿನೀರು ತುಂಬಿಸಿ ತೇಲಿಬಿಡಿ; ತೊಟ್ಟಿಯ ಸುತ್ತ ಕಂಬಳಿ ಸುತ್ತಿ, ಹಿಂದೆ ಥರ್ಮೋಕೋಲ್ ಹಲಗೆ ಇಡಿ; ಮೇಲ್ಗಡೆ ಗಾಳಿಗೆ ಸ್ವಲ್ಪ ಜಾಗವಿರಲಿ. ಗಂಟೆಗೆ ಒಂದು ಡಿಗ್ರಿ ಏರಿದರೆ ಸಾಕು. ಆ ದಿನ ಆಹಾರ ಹಾಕದಿರುವುದೇ ಲೇಸು. ತಿನ್ನದೆ ಉಳಿದದ್ದು ಕೊಳೆತು ನೀರಿನಲ್ಲಿ ಅಮೋನಿಯಾ ಹೆಚ್ಚುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಮಲೆನಾಡಿನ ಮನೆಗಳಲ್ಲಿ ಬ್ಯಾಟರಿಯ ಗಾಳಿ ಪಂಪ್ ಒಂದಿದ್ದರೆ ಒಳ್ಳೆಯದು.

ಇಂಥ ಏರುಪೇರಾದ ಮೇಲೆ ಒಂದೆರಡು ವಾರ ಮೀನುಗಳನ್ನು ಗಮನಿಸುತ್ತಿರಬೇಕು. ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕಿಗಳು ಕಂಡರೆ ಅದು ಬಿಳಿಚುಕ್ಕಿ ರೋಗ. ನಮ್ಮಲ್ಲಿ ಉಳಿದ ಎಂಟರಲ್ಲಿ ಎರಡಕ್ಕೆ ಬಂತು. ಬೇಗನೆ ಔಷಧಿ ಹಾಕಿದ್ದರಿಂದ, ಅಲ್‌ಹಮ್ದುಲಿಲ್ಲಾಹ್, ಗುಣವಾಯಿತು.

ಮುನ್ನೆಚ್ಚರಿಕೆಗಳು ಸರಳ. ಹೀಟರಿನ ಮೇಲಿನ ಅಂಕೆಯನ್ನು ನಂಬದೆ ಪ್ರತ್ಯೇಕ ತಾಪಮಾಪಕ ಇಟ್ಟು ಬೆಳಿಗ್ಗೆ ರಾತ್ರಿ ನೋಡಿ. ದೊಡ್ಡ ಹೀಟರ್ ಒಂದರ ಬದಲು ಚಿಕ್ಕವು ಎರಡಿದ್ದರೆ, ಒಂದು ಕೆಟ್ಟರೂ ಅನಾಹುತ ಕಡಿಮೆ. ನೀರು ಬದಲಿಸುವ ಮೊದಲು ಹೀಟರ್ ಆರಿಸಿ. ವಯರು ಪ್ಲಗ್ಗಿಗಿಂತ ಕೆಳಗೆ ಇಳಿಬಿದ್ದು ನಂತರ ಮೇಲೇರುವಂತಿರಲಿ. ಆಗ ವಯರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ತಲುಪದೆ ಕೆಳಗೇ ತೊಟ್ಟಿಕ್ಕುತ್ತದೆ. ಮನೆಯಲ್ಲಿ ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್ ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಮಂಗಳೂರು, ಉಡುಪಿ ಕಡೆಯ ಸಹೋದರಿಯರಿಗೆ ಬಹುತೇಕ ಹೀಟರೇ ಬೇಡ. ಅಲ್ಲಿ ಬೇಸಿಗೆಯ ಸೆಕೆಯದೇ ತೊಂದರೆ. ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಿ. ಚಳಿ ಊರಿನವರು ಹೀಟರಿನ ರಗಳೆಯೇ ಬೇಡವೆಂದರೆ ತಣ್ಣೀರಿನಲ್ಲಿ ಬದುಕುವ ಗೋಲ್ಡ್ ಫಿಶ್ ಸಾಕಬಹುದು. ಆದರೆ ಅದು ದೊಡ್ಡದಾಗಿ ಬೆಳೆಯುವ ಮೀನು. ಚಿಕ್ಕ ಗಾಜಿನ ಬೋಗುಣಿಯಲ್ಲಿಟ್ಟರೆ ಅದಕ್ಕೆ ಹಿಂಸೆಯೇ.

ಇಷ್ಟೆಲ್ಲ ತಾಪತ್ರಯವಿದ್ದರೆ ಜೀವಿಗಳನ್ನು ಕೂಡಿಹಾಕುವುದು ಸರಿಯೇ ಎಂದು ನೀವು ಕೇಳಬಹುದು. ನನಗೆ ಮದ್ರಸದಲ್ಲಿ ಓದಿದ ಅಬೂ ಉಮೈರ್‌ರ ಹದೀಸ್ ನೆನಪಾಗುತ್ತದೆ. ಅವರು ಅನಸ್(ರ)ರ ಪುಟ್ಟ ತಮ್ಮ, ಉಮ್ಮು ಸುಲೈಮ್(ರ)ರ ಮಗ. ನುಗೈರ್ ಎಂಬ ಸಣ್ಣ ಹಕ್ಕಿಯೊಂದಿಗೆ ಆಡುತ್ತಿದ್ದ ಹುಡುಗ. ಒಂದು ದಿನ ಆ ಹಕ್ಕಿ ಸತ್ತುಹೋಯಿತು. ಮನೆಗೆ ಬಂದ ಪ್ರವಾದಿ(ಸ)ರವರು ಮಗುವಿನ ಬಾಡಿದ ಮುಖ ನೋಡಿ ಕಾರಣ ಕೇಳಿದರು. ನಂತರ ಮಗುವಿನ ಹೆಸರಿಗೂ ಹಕ್ಕಿಯ ಹೆಸರಿಗೂ ಪ್ರಾಸ ಕೂಡುವಂತೆ, ನಿನ್ನ ಹಕ್ಕಿಗೆ ಏನಾಯಿತಪ್ಪಾ ಎಂದು ಅಕ್ಕರೆಯಿಂದ ವಿಚಾರಿಸಿದರು. ಸರಿಯಾಗಿ ನೋಡಿಕೊಳ್ಳುವುದಾದರೆ ಹಕ್ಕಿಯನ್ನು ಸಾಕಬಹುದೆಂದು ವಿದ್ವಾಂಸರು ಇದರಿಂದ ತಿಳಿದುಕೊಂಡರು. ಹಿಜರಿ ನಾಲ್ಕನೇ ಶತಮಾನದ ಇಬ್ನುಲ್ ಕಾಸ್ ಎಂಬ ವಿದ್ವಾಂಸರು ಈ ಒಂದೇ ಹದೀಸಿನಿಂದ ಸಿಗುವ ಪಾಠಗಳ ಬಗ್ಗೆ ಒಂದು ಪ್ರತ್ಯೇಕ ಪುಸ್ತಕವನ್ನೇ ಬರೆದಿದ್ದಾರೆ. ಅದೇ ಸಂದರ್ಭದಲ್ಲಿ, ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೊಂದ ಸ್ತ್ರೀ ನರಕಕ್ಕೆ ಅರ್ಹಳಾದಳೆಂಬ ಎಚ್ಚರಿಕೆಯೂ ನಮ್ಮ ಮುಂದಿದೆ. ಕೂಡಿಹಾಕಿದ ಜೀವಿ ತನ್ನ ಪಾಡಿಗೆ ಅನ್ನ ನೀರು ಹುಡುಕಿಕೊಳ್ಳಲಾರದು. ಮೀನಿಗಾದರೆ ಅದು ಉಸಿರಾಡುವ ನೀರೂ ನಮ್ಮ ಕೈಯಲ್ಲೇ ಇದೆ.

ಆದರೆ ಆ ಹದೀಸಿನಲ್ಲಿ ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೆಯೇ. ಇಡೀ ಉಮ್ಮತ್ತಿನ ಹೊಣೆ ಹೊತ್ತಿದ್ದವರಿಗೆ ಒಂದು ಮಗುವಿನ ಸತ್ತ ಹಕ್ಕಿಯ ಬಗ್ಗೆ ವಿಚಾರಿಸಲು ಬಿಡುವಿತ್ತು. ನನಗೆ ಉತ್ತರ ಪತ್ರಿಕೆಗಳಿಂದ ತಲೆ ಎತ್ತಲು ಬಿಡುವಿರಲಿಲ್ಲ.

ಆ ಶುಕ್ರವಾರ ಅವರ ಫೋನ್ ಬಂತು. ಮಗ ಅಡುಗೆ ಮನೆಗೆ ಓಡಿ ಬಂದು, "ಉಮ್ಮಾ, ಉಪ್ಪನಿಗೆ ಹೇಳಬೇಡಿ. ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಬೇಸರವಾಗುತ್ತದೆ" ಎಂದ. ತಪ್ಪು ತನ್ನದೆಂದು ಅವನು ಆವರೆಗೂ ತಿಳಿದಿದ್ದ! ನಾನೇ ಫೋನ್ ತೆಗೆದುಕೊಂಡು, ಅವನ ಎದುರಲ್ಲೇ ಹೇಳಿದೆ: "ಮೀನುಗಳು ಸತ್ತವು. ಅವನು ಹೊತ್ತಿಗೆ ಸರಿಯಾಗಿ ಹೇಳಿದ್ದ. ಕೇಳಿಸಿಕೊಳ್ಳದವಳು ನಾನು." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಂತರ ಅವರು ಮಗನನ್ನು ಕರೆದು, ಉಳಿದ ಎಂಟೂ ಹೇಗಿವೆ ಎಂದು ಕೇಳಿದರು. ಅಂದು ಮಗ ಮೊದಲ ಸಲ ಅತ್ತ.

ಈಗ ಹೊಸ ಹೀಟರುಗಳು ಎರಡು, 25 ವ್ಯಾಟಿನವು. ಪ್ರತಿದಿನ ಇಶಾ ನಮಾಝಿನ ನಂತರ ಮಗ ತಾಪಮಾಪಕ ನೋಡಿ ಹಳೆಯ ನೋಟ್ ಪುಸ್ತಕದಲ್ಲಿ ಡಿಗ್ರಿ ಬರೆದು ನನಗೆ ತೋರಿಸುತ್ತಾನೆ. ಎಷ್ಟೇ ಪತ್ರಿಕೆಗಳಿದ್ದರೂ ನಾನು ಪೆನ್ನು ಕೆಳಗಿಟ್ಟು ನೋಡುತ್ತೇನೆ. ಸಹೋದರಿಯರೇ, ನಿಮ್ಮ ಮಗು ಇಂದು ಏನನ್ನೋ ಹೇಳಲು ಸೆರಗು ಎಳೆದರೆ ಒಂದು ನಿಮಿಷ ಕಿವಿಗೊಡಿ. ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಎಲ್ಲ ಅಮಾನತ್ತುಗಳನ್ನು ಕಾಪಾಡುವ ಎಚ್ಚರವನ್ನು ನಮಗೆ ದಯಪಾಲಿಸಲಿ.