ಕ್ರಿಮಿನಾಲಜಿ ಪದವಿ: ಸೇರುವ ಮೊದಲು ತಿಳಿದಿರಬೇಕಾದದ್ದು

ದ್ವಿತೀಯ ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಧರ್ಮಕೇಂದ್ರಗಳಲ್ಲಿ ಉದ್ಯೋಗ ಮಾರ್ಗದರ್ಶನ ಶಿಬಿರಗಳು ಆರಂಭವಾಗುತ್ತವೆ. ನರ್ಸಿಂಗ್, ಬಿ.ಕಾಂ., ಇಂಜಿನಿಯರಿಂಗ್ ಎಂಬ ಹಳೆಯ ಪಟ್ಟಿಗೆ ಈಗ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ವಿಜ್ಞಾನವೂ ಸೇರಿಕೊಂಡಿವೆ. ಮಕ್ಕಳ ಆಸಕ್ತಿಗೆ ಟಿ.ವಿ.ಯ ಪತ್ತೇದಾರಿ ಧಾರಾವಾಹಿಗಳ ಪಾಲು ಎಷ್ಟು ಎಂಬುದು ಬೇರೆ ಮಾತು. ಹೆತ್ತವರ ಪ್ರಶ್ನೆ ಮಾತ್ರ ಒಂದೇ: "ಇದನ್ನು ಕಲಿತರೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಸಿಗುತ್ತದಾ?"

ನೇರ ಉತ್ತರ: ಈ ಪದವಿಯಿಂದಲೇ ಸಿಗುವುದಿಲ್ಲ. ಕರ್ನಾಟಕದಲ್ಲಿ ಪಿಎಸ್‌ಐ ಹುದ್ದೆಗೆ ಅರ್ಜಿ ಹಾಕಲು ಯಾವುದೇ ಮಾನ್ಯ ಪದವಿ ಸಾಕು. ಬಿ.ಕಾಂ. ಓದಿದವನೂ ಕ್ರಿಮಿನಾಲಜಿ ಓದಿದವಳೂ ಅದೇ ಮೈದಾನದಲ್ಲಿ ಓಡಬೇಕು, ಅದೇ ಲಿಖಿತ ಪರೀಕ್ಷೆ ಬರೆಯಬೇಕು. ಇನ್ನು ವಿಧಿವಿಜ್ಞಾನ ಪ್ರಯೋಗಾಲಯದ ವೈಜ್ಞಾನಿಕ ಹುದ್ದೆಗಳಿಗೆ ವಿಜ್ಞಾನದ ಓದು ಬೇಕು. ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡು, ಬಿ.ಎ.ಯಲ್ಲಿ ಕ್ರಿಮಿನಾಲಜಿಯನ್ನು ಒಂದು ವಿಷಯವಾಗಿ ಓದಿದವರಿಗೆ ಆ ಬಾಗಿಲು ತೆರೆಯುವುದಿಲ್ಲ. ಈ ವಿಷಯ ಮೂರನೇ ವರ್ಷದಲ್ಲಿ ತಿಳಿದರೆ ಏನು ಪ್ರಯೋಜನ?

ಈ ಕೋರ್ಸುಗಳಿಗೆ ಇಷ್ಟು ಬೇಡಿಕೆ ಬರಲು ಕಾನೂನಿನ ಬದಲಾವಣೆಯೂ ಒಂದು ಕಾರಣ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಬರಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ತಜ್ಞರು ಬೇಕಾಗುತ್ತಾರೆ ಎಂಬುದು ನಿಜ. ಆದರೆ ಹುದ್ದೆ ಮಂಜೂರಾಗಿ, ಅಧಿಸೂಚನೆ ಹೊರಟು, ನೇಮಕಾತಿ ಮುಗಿಯುವುದು ಕಾಲೇಜಿನ ಕರಪತ್ರದಲ್ಲಿ ಕಾಣುವಷ್ಟು ಸಲೀಸಲ್ಲ. ಅಂದಹಾಗೆ, ಈಗಿನ ವಿದ್ಯಾರ್ಥಿಗಳಿಗೆ ಇಮ್ಮಡಿ ಓದು. ಕೊಲೆಗೆ 302 ಎಂದು ಬಾಯಿಪಾಠ ಮಾಡಿದ್ದವರು ಭಾರತೀಯ ನ್ಯಾಯ ಸಂಹಿತೆಯ 103 ಕಲಿಯಬೇಕು. ಹಳೆಯ ಅಪರಾಧಗಳ ವಿಚಾರಣೆ ಹಳೆಯ ಸೆಕ್ಷನ್‌ಗಳಲ್ಲೇ ನಡೆಯುತ್ತಿರುವುದರಿಂದ 302ನ್ನು ಮರೆಯುವಂತೆಯೂ ಇಲ್ಲ.

ಬೇಡಿಕೆಯ ಹಿಂದೆ ಕೋರ್ಸುಗಳು ಓಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ 1968ರ ಕಾಯ್ದೆಯೊಂದರಡಿ ಪೊಲೀಸರ ಕಾಲೇಜು ಶಿಕ್ಷಣಕ್ಕೆ ಸರಕಾರ ಸಾಲ ಮತ್ತು ಸಹಾಯಧನ ನೀಡತೊಡಗಿದಾಗ, ಸಣ್ಣ ಸಣ್ಣ ಕಾಲೇಜುಗಳಲ್ಲೂ ಕ್ರಿಮಿನಲ್ ಜಸ್ಟಿಸ್ ವಿಭಾಗಗಳು ಹುಟ್ಟಿಕೊಂಡವು. ಹತ್ತು ವರ್ಷಗಳ ಬಳಿಕ, 1978ರಲ್ಲಿ, ಲಾರೆನ್ಸ್ ಶರ್ಮನ್ ಸಿದ್ಧಪಡಿಸಿದ ವರದಿ ಈ ಶಿಕ್ಷಣದ ಗುಣಮಟ್ಟವನ್ನು ಕಟುವಾಗಿ ಟೀಕಿಸಿತು. ತರಬೇತಿ ಶಾಲೆಯಲ್ಲಿ ಕಲಿಸುವುದನ್ನೇ ಕಾಲೇಜಿನಲ್ಲೂ ಕಲಿಸುವ ಬದಲು ಸಮಾಜ, ನೀತಿ, ಮನುಷ್ಯ ಸ್ವಭಾವಗಳ ವಿಶಾಲ ಓದು ಬೇಕು ಎಂಬುದು ಅದರ ತಿರುಳು. ನಮ್ಮಲ್ಲಿ ಫೊರೆನ್ಸಿಕ್ ಕೋರ್ಸುಗಳನ್ನು ತೆರೆಯುತ್ತಿರುವವರು ಈ ವರದಿಯನ್ನು ಒಮ್ಮೆ ಓದಿದರೆ ಒಳ್ಳೆಯದಿತ್ತು.

ಹಾಗಾದರೆ ಈ ಪದವಿ ವ್ಯರ್ಥವೇ? ಖಂಡಿತ ಅಲ್ಲ. ಅಗತ್ಯ ಇರುವ ಜಾಗವೇ ಬೇರೆ. 2022ರ ಡಿಸೆಂಬರ್ ಅಂತ್ಯಕ್ಕೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನ ಕೈದಿಗಳು. ಕೆಲವರಿಗೆ ಜಾಮೀನು ಸಿಕ್ಕಿದ್ದರೂ ಜಾಮೀನುದಾರರು ಸಿಗದೆ, ಹಣ ಕಟ್ಟಲಾಗದೆ ಒಳಗೇ ಉಳಿಯುತ್ತಾರೆ. ಇಂಥವರಿಗಾಗಿ 2023ರಲ್ಲಿ ಕೇಂದ್ರ ಸರಕಾರ ತಂದ ಯೋಜನೆಯಲ್ಲಿ ವಿಚಾರಣಾಧೀನ ಬಡ ಕೈದಿಗೆ ಆರಂಭದಲ್ಲಿ 40,000 ರೂಪಾಯಿಯವರೆಗೆ ನೆರವು ನಿಗದಿಯಾಗಿತ್ತು. ಮೊದಲ ಬಾರಿಗೆ ಅಪರಾಧದ ಆರೋಪ ಹೊತ್ತವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ, ಕೆಲವು ಗಂಭೀರ ಪ್ರಕರಣಗಳನ್ನು ಬಿಟ್ಟು, ಅವರನ್ನು ಬಾಂಡ್ ಮೇಲೆ ಬಿಡಬೇಕೆಂದು ಹೊಸ ಸಂಹಿತೆಯ 479ನೇ ಸೆಕ್ಷನ್ ಹೇಳುತ್ತದೆ. ಹಳೆಯ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಕಾನೂನು ಇದೆ, ಹಣವೂ ಇದೆ. ಆದರೆ ಆ ಕೈದಿ ಯಾರು, ಎಷ್ಟು ದಿನದಿಂದ ಒಳಗಿದ್ದಾನೆ, ಊರಿನಲ್ಲಿ ಯಾರಿದ್ದಾರೆ, ಅವರಿಗೆ ವಿಷಯ ಗೊತ್ತೇ ಎಂದು ಹುಡುಕಿ, ಕಾಗದಪತ್ರ ಒಟ್ಟು ಮಾಡಿ, ಉಚಿತ ಕಾನೂನು ನೆರವಿನ ವಕೀಲರಿಗೆ ಮುಟ್ಟಿಸುವವರು ಯಾರು? ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' ಯೋಜನೆ 1990ರಿಂದ ಇಂಥ ಕೆಲಸ ಮಾಡುತ್ತಿದೆ. 1958ರ ಪ್ರೊಬೇಷನ್ ಕಾಯ್ದೆಯಡಿ ನ್ಯಾಯಾಲಯಕ್ಕೆ ವರದಿ ಕೊಡುವ ಪರಿವೀಕ್ಷಣಾಧಿಕಾರಿಗಳು, ಬಾಲನ್ಯಾಯ ಮಂಡಳಿಯ ಮುಂದೆ ಬರುವ ಮಕ್ಕಳ ಮನೆಗೆ ಹೋಗಿ ವಿಚಾರಿಸುವವರು, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳ ಜೊತೆ ಠಾಣೆಗೆ ನಡೆಯುವವರು – ಕ್ರಿಮಿನಾಲಜಿಯ ಪಾಠ ನಿಜವಾಗಿ ಬಳಕೆಗೆ ಬರುವುದು ಇಲ್ಲಿ.

ಇಲ್ಲಿಯೂ ಹೆತ್ತವರಿಗೆ ಸತ್ಯ ಹೇಳಬೇಕು. ಇಂಥ ಹುದ್ದೆಗಳಲ್ಲಿ ಅನೇಕವು ಗುತ್ತಿಗೆಯವು, ಸಂಬಳ ಹೆಚ್ಚಿಲ್ಲ. ಪದವಿಯೊಂದೇ ಸಾಲದು, ಅದರ ಮೇಲೆ ಎಂ.ಎಸ್.ಡಬ್ಲ್ಯು. ಅಥವಾ ಕಾನೂನು ಪದವಿ ಬೇಕಾಗುತ್ತದೆ. ಮಗುವಿಗೆ ಮೊದಲೇ ಇದನ್ನು ತಿಳಿಸಿ ಕಳುಹಿಸಿದರೆ ಅರ್ಧದಾರಿಯಲ್ಲಿ ಬೇಸರವಾಗುವುದಿಲ್ಲ.

ಕಾಲೇಜು ದೊಡ್ಡದೇ ಆಗಬೇಕೆಂದೇನೂ ಇಲ್ಲ. 1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯ ದೊಡ್ಡ ವಿಶ್ವವಿದ್ಯಾಲಯವೇನಲ್ಲ. ಸಮಾಜಕಾರ್ಯದ ಜೊತೆಗೇ ಅಲ್ಲಿ ಕ್ರಿಮಿನಾಲಜಿಯ ಬೋಧನೆಯೂ ಬೆಳೆದು ಬಂದಿದೆ. ಸಣ್ಣ ತರಗತಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಕ್ಷೇತ್ರಕಾರ್ಯಕ್ಕೆ ಕಳುಹಿಸಿ, ಮರಳಿ ಬಂದಾಗ ಕೂರಿಸಿ ಮಾತನಾಡಿಸಲು ಅಧ್ಯಾಪಕರಿಗೆ ಸಾಧ್ಯವಾಗುತ್ತದೆ. ಆದ್ದರಿಂದ ಯಾವ ಕಾಲೇಜಿಗೆ ಸೇರಿಸುವುದಿದ್ದರೂ ಪ್ರಯೋಗಾಲಯದ ಫೋಟೋ ನೋಡಿ ಶುಲ್ಕ ಕಟ್ಟಬೇಡಿ. ಕಳೆದ ವರ್ಷ ವಿದ್ಯಾರ್ಥಿಗಳು ಎಷ್ಟು ದಿನ ನ್ಯಾಯಾಲಯದಲ್ಲಿ ಕುಳಿತಿದ್ದರು, ಜೈಲಿನೊಳಗೆ ಎಷ್ಟು ಬಾರಿ ಹೋಗಿದ್ದರು, ಅವರ ಜೊತೆ ಯಾವ ಅಧ್ಯಾಪಕರು ಇದ್ದರು, ಮೂರು ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ಪ್ರಾಂಶುಪಾಲರ ಕೋಣೆಯಲ್ಲೇ ಕೇಳಿ. ಹೇಳಲು ಸಾಧ್ಯವಿರುವವರು ಹೆಸರು ಸಮೇತ ಹೇಳುತ್ತಾರೆ.